ವಿಜಯಪುರದಿಂದ ಜುಲೈನಲ್ಲಿ ರೆಡ್‌ವುಡ್ ಮರ ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದೇವೆ, ಬೇಸಿಗೆಯಲ್ಲೂ ಸ್ವೆಟರ್ ಬೇಕಾ?

ಬೇಕೇ ಬೇಕು, ಅದರಲ್ಲೂ ಅಪ್ಪ-ಅವ್ವ ಜೊತೆಗಿದ್ದರೆ. ಸ್ಯಾನ್ ಫ್ರಾನ್ಸಿಸ್ಕೋ ಕರಾವಳಿಯಲ್ಲಿ ಬೇಸಿಗೆ ಅಂದ್ರೆ ಮಂಜಿನ ಕಾಲ.

ಅಲ್ಲಿನ ಕಡಲ ನೀರು ತುಂಬಾ ತಣ್ಣಗಿರುತ್ತದೆ. ಅದರ ಮೇಲೆ ಬೀಸುವ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಒಳನಾಡು ಕಾದು ಬಿಸಿಗಾಳಿ ಮೇಲೇರಿದಾಗ ಆ ಮಂಜು ದಡಕ್ಕೆ ನುಗ್ಗುತ್ತದೆ. ರೆಡ್‌ವುಡ್‌ಗಳು ಕಡಲಂಚು ಬಿಟ್ಟು ದೂರ ಹೋಗದಿರುವುದಕ್ಕೂ ಇದೇ ಕಾರಣ. ಬೇಸಿಗೆಯಲ್ಲಿ ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಮಂಜೇ ಎಲೆಗೆ ತಾಗಿ, ಹನಿಯಾಗಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಎಲೆಗಳೂ ಒಂದಿಷ್ಟು ನೇರವಾಗಿ ಹೀರಿಕೊಳ್ಳುತ್ತವೆ. ಎಲ್ಲಕ್ಕಿಂತ ಎತ್ತರದ ಮರ 115 ಮೀಟರ್ ದಾಟಿದೆ, ನಮ್ಮ ಗೋಳಗುಮ್ಮಟದ ಎರಡು ಪಟ್ಟಿಗಿಂತ ಜಾಸ್ತಿ!

ಅಷ್ಟು ಎತ್ತರದ್ದೇ ಬೇಕು ಅಂತ ವಯಸ್ಸಾದವರನ್ನು ಉತ್ತರದ ತುದಿಯವರೆಗೆ ಐದಾರು ತಾಸು ಕಾರಿನಲ್ಲಿ ಕೂರಿಸೋದು ಸುಮ್ನೆ ತ್ರಾಸು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ರೆಡ್‌ವುಡ್ ಕಾಡು ಮ್ಯೂರ್ ವುಡ್ಸ್ ಸಾಕು, ಹಲಗೆ ಹಾಸಿದ ಸಪಾಟು ದಾರಿಯಿದೆ. ಪಾರ್ಕಿಂಗ್ ಮೊದಲೇ ಬುಕ್ ಮಾಡಿ. ಒಳಗೆ ಮೊಬೈಲ್ ಸಿಗ್ನಲ್ ಸಿಗೋದಿಲ್ಲ, ಹಾಗಾಗಿ ಬುಕಿಂಗ್ ರಸೀದಿಯನ್ನು ಫೋನ್‌ಗೆ ಇಳಿಸಿಕೊಂಡೇ ಹೊರಡಿ. ಕಡಲು ನೋಡೋಕೆ ಪಕ್ಕದಲ್ಲೇ ಮ್ಯೂರ್ ಬೀಚ್ ಇದೆ. ತಾರೀಖು ಬದಲಿಸೋಕೆ ಆಗುತ್ತೆ ಅಂದ್ರೆ ಸೆಪ್ಟೆಂಬರ್ ಕೊನೆಗೆ ಹೋಗಿ, ಆಗ ಮಂಜು ಕಡಿಮೆ.