ಇಪ್ಪತ್ತಾರು ಹೆಸರು ಸಿಕ್ಕಿತು, ತಂಡ ಎಲ್ಲಿ?

ನಮಸ್ಕಾರ,

ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಎಲ್ಲ ಕಾಲದ ಆಟಗಾರರಿಂದ 26 ಜನರನ್ನು ಆರಿಸಿ ನೀವು ಕಳಿಸಿದ ‘ಜೈಂಟ್ಸ್: ಸಾರ್ವಕಾಲಿಕ 26’ ಬರಹವನ್ನು ನಿಧಾನವಾಗಿ ಕೂತು ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ‘ಸ್ವೀಕೃತವಾಗಿಲ್ಲ’ ಎಂದು ಒಂದು ಸಾಲು ಬರೆದು ಸುಮ್ಮನಾಗಲೂ ಮನಸ್ಸಿಲ್ಲ. ಬೇ ಏರಿಯಾಕ್ಕೆ ಹೋದ ಮೇಲೆ ಈ ತಂಡದ ಹುಚ್ಚು ಹಿಡಿಯಿತು ಎಂದಿದ್ದೀರಿ. ಆ ಹುಚ್ಚು ಬರಹದಲ್ಲಿ ಕಾಣುತ್ತದೆ. ಆಟ ನಿಮಗೆ ಗೊತ್ತು, ಕನ್ನಡವೂ ಸಲೀಸು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಕೆಲವು ಮಾತು ಖಾರ ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ.

ಮೊದಲ ತಕರಾರು. ನೀವು ಕೊಟ್ಟಿರುವುದು ಪಟ್ಟಿ, ತಂಡ ಅಲ್ಲ. 1883ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಫ್ರಾಂಚೈಸ್ ಇದು. ದೊಡ್ಡ ಹೆಸರುಗಳಿಗೆ ಬರವಿಲ್ಲ. ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಹುಟ್ಟಿದ ವರ್ಷ, ಹೋಮ್ ರನ್ (ಬ್ಯಾಟರ್ ಎಲ್ಲ ಬೇಸ್ ಸುತ್ತಿ ಬರುವ, ಹೆಚ್ಚಾಗಿ ಬೇಲಿ ದಾಟುವ ಹೊಡೆತ), ಸರಾಸರಿ ಬರೆದು, ‘ಇಂಥ ಆಟಗಾರ ಮತ್ತೆ ಹುಟ್ಟಲಾರ’ ಎಂದು ಮುಗಿಸಿದ್ದೀರಿ. ಓದುಗ ಆರನೇ ಹೆಸರಿಗೆ ಬರುವಷ್ಟರಲ್ಲಿ ಆಕಳಿಸುತ್ತಾನೆ.

2020ರಿಂದ ತಂಡದಲ್ಲಿ 26 ಜನ ಇರಬಹುದು ಅನ್ನೋ ನಿಯಮವನ್ನು ನೀವೇ ಹೇಳಿದ್ದೀರಿ. ಒಳ್ಳೆಯದು. ಆದರೆ ಆ ಇಪ್ಪತ್ತಾರರಲ್ಲಿ ಫಸ್ಟ್ ಬೇಸ್ (ಬ್ಯಾಟರ್ ಓಡಿ ಮೊದಲು ಮುಟ್ಟಬೇಕಾದ ಜಾಗ) ಕಾಯುವವರೇ ಐದು ಜನ: ಬಿಲ್ ಟೆರಿ, ಜಾನಿ ಮೈಜ್, ವಿಲಿ ಮೆಕವಿ, ಒರ್ಲಾಂಡೊ ಸೆಪೇಡ, ವಿಲ್ ಕ್ಲಾರ್ಕ್. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮಾತ್ರ ಬಸ್ಟರ್ ಪೋಸಿ ಒಬ್ಬನೇ. ಅವನ ಬೆರಳಿಗೆ ಚೆಂಡು ತಗುಲಿದರೆ ಯಾರು ಕೂರಬೇಕು? ಮೆಕವಿಯಾ?

ಫಸ್ಟ್ ಬೇಸ್‌ನ ಈ ನೂಕುನುಗ್ಗಲನ್ನು ಜೈಂಟ್ಸ್ ನಿಜವಾಗಿಯೂ ಅನುಭವಿಸಿದೆ. ಅದನ್ನು ಬರೆಯದೆ ಬಿಟ್ಟಿದ್ದೀರಲ್ಲ ಅನ್ನೋದೇ ನನ್ನ ಸಂಕಟ. ಸೆಪೇಡ 1958ರಲ್ಲಿ ವರ್ಷದ ಹೊಸ ಆಟಗಾರ. ಮರುವರ್ಷ ಜುಲೈ ಕೊನೆಯಲ್ಲಿ ಮೆಕವಿ ಬಂದ. ಮೊದಲ ಪಂದ್ಯದಲ್ಲೇ ರಾಬಿನ್ ರಾಬರ್ಟ್ಸ್‌ನಂಥ ಪಿಚರ್ (ಚೆಂಡು ಎಸೆಯುವವನು) ಎದುರು ನಾಲ್ಕಕ್ಕೆ ನಾಲ್ಕು ಹಿಟ್ (ಬ್ಯಾಟರ್ ಬೇಸ್ ತಲುಪುವ ಹೊಡೆತ), ಅದರಲ್ಲಿ ಎರಡು ಮೂರನೇ ಬೇಸ್‌ವರೆಗೆ ತಲುಪಿಸಿದ ಟ್ರಿಪಲ್. ಅರ್ಧ ಸೀಸನ್ ಕೂಡ ಆಡದೆ ಆ ವರ್ಷದ ಹೊಸ ಆಟಗಾರನ ಪ್ರಶಸ್ತಿ ಅವನಿಗೆ. ಇಬ್ಬರದ್ದೂ ಒಂದೇ ಜಾಗ. ಒಮ್ಮೆ ಇವನನ್ನು, ಒಮ್ಮೆ ಅವನನ್ನು ಲೆಫ್ಟ್ ಫೀಲ್ಡ್‌ಗೆ ಅಟ್ಟಿ ವರ್ಷಗಟ್ಟಲೆ ದಿನ ತಳ್ಳಿದರು. ಕೊನೆಗೆ 1966ರಲ್ಲಿ ಸೆಪೇಡನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು ರೇ ಸಡೆಕಿ ಎಂಬ ಪಿಚರ್‌ನನ್ನು ತಂದರು. ಮರುವರ್ಷವೇ ಸೆಪೇಡ ಅಲ್ಲಿ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯಮೂಲ್ಯ ಆಟಗಾರ. ಕಾರ್ಡಿನಲ್ಸ್ ಎರಡು ಲೀಗ್‌ಗಳ ಚಾಂಪಿಯನ್ನರು ಸೆಣಸುವ ವರ್ಲ್ಡ್ ಸೀರೀಸ್ ಗೆದ್ದಿತು. ನೀವೂ ಹೀಗೆ ಒಬ್ಬನನ್ನು ಕೈಬಿಡಲೇಬೇಕು. ಯಾರನ್ನು, ಯಾಕೆ? ಹೊಟ್ಟೆ ಉರಿದುಕೊಂಡು ಬರೆಯಿರಿ. ನಾವು ಓದೋದು ಅದಕ್ಕೇ.

ಡಿಎಚ್ ಇಟ್ಟುಕೊಳ್ಳುತ್ತೀರಾ ಅನ್ನೋದನ್ನೂ ಹೇಳಿಲ್ಲ. ಪಿಚರ್ ಬದಲು ಬ್ಯಾಟ್ ಮಾಡುವ ಆ ಆಟಗಾರ ಜೈಂಟ್ಸ್ ಆಡುವ ನ್ಯಾಷನಲ್ ಲೀಗ್‌ಗೆ ಕಾಯಂ ಆಗಿ ಬಂದದ್ದು 2022ರಲ್ಲಿ. ಇಟ್ಟುಕೊಂಡರೆ ಟೆರಿ, ಮೆಕವಿ ಇಬ್ಬರಿಗೂ ಜಾಗ ಆಗುತ್ತದೆ. ಇಲ್ಲದಿದ್ದರೆ ಟೆರಿಯ .401 ಸರಾಸರಿಗೆ (ಸಾವಿರ ಬ್ಯಾಟಿಂಗ್ ಅವಕಾಶಕ್ಕೆ 401 ಹಿಟ್ ಅನ್ನೋ ಲೆಕ್ಕ) ತಲೆಬಾಗುವ ಮುಂಚೆ ಒಂದು ವಿಷಯ ನೋಡಿ. ಅವನು ಅದನ್ನು ಮಾಡಿದ 1930ರಲ್ಲಿ ಇಡೀ ನ್ಯಾಷನಲ್ ಲೀಗ್‌ನ ಸರಾಸರಿಯೇ .303. ಮೆಕವಿ 36 ಹೋಮ್ ರನ್ ಹೊಡೆದು ಲೀಗ್‌ಗೆ ಮೊದಲಿಗನಾದ 1968ರಲ್ಲಿ ಅದು .243. ಬರಿಯ ಅಂಕಿಯನ್ನು ಅಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಇನ್ನು ಲೆಕ್ಕದ ವಿಷಯ. ಬ್ಯಾರಿ ಬಾಂಡ್ಸ್‌ನ 762 ಹೋಮ್ ರನ್ ಪೂರ್ತಿ ಜೈಂಟ್ಸ್ ಖಾತೆಗೆ ಹಾಕಿದ್ದೀರಿ. ಇಲ್ಲಿ ಹೊಡೆದದ್ದು 586, ಉಳಿದದ್ದು ಪಿಟ್ಸ್‌ಬರ್ಗ್‌ದು. ವಿಲಿ ಮೇಸ್‌ನ 660ರಲ್ಲಿ 14 ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಸೇರಿದವು. ಫ್ರಾಂಕಿ ಫ್ರಿಶ್‌ಗೆ ಸೆಕೆಂಡ್ ಬೇಸ್ ಕೊಡಲು 1931ರ ಎಂವಿಪಿ ಕಾರಣ ಎಂದಿದ್ದೀರಿ. ಅದು ಕಾರ್ಡಿನಲ್ಸ್‌ಗೆ ಆಡುತ್ತಾ ಪಡೆದದ್ದು, ಸ್ವಾಮಿ! ಜೈಂಟ್ಸ್‌ನಲ್ಲಿ ಅವನಿದ್ದದ್ದು 1919ರಿಂದ 1926ರವರೆಗೆ. ಅದರ ಮೇಲೆಯೇ ಅವನು ನಿಲ್ಲಬೇಕು. ‘ಈ ತಂಡಕ್ಕಾಗಿ ಆಡಿದ್ದು ಮಾತ್ರ ಲೆಕ್ಕ’ ಎಂದು ಮೊದಲೇ ಒಂದು ಸಾಲು ಬರೆದುಕೊಂಡು, ಅದಕ್ಕೆ ಅಂಟಿಕೊಳ್ಳಿ.

ನಿಮ್ಮ ಬರಹದಲ್ಲಿ ಜಾಸ್ತಿ ಕಾಡಿದ ಕೊರತೆ ಪೋಲೋ ಗ್ರೌಂಡ್ಸ್, ನ್ಯೂಯಾರ್ಕ್‌ನಲ್ಲಿ ಜೈಂಟ್ಸ್‌ನ ತವರು ಮೈದಾನ. ಹೆಸರು ಒಂದೇ ಕಡೆ ಬರುತ್ತದೆ, ಅದೂ ಬ್ರಾಕೆಟ್ಟಿನಲ್ಲಿ. ಆ ಮೈದಾನ ಗೊತ್ತಿಲ್ಲದವರಿಗೆ ಮೆಲ್ ಆಟ್ ಅರ್ಥವಾಗುವುದಿಲ್ಲ. ಕುದುರೆ ಲಾಳದ ಆಕಾರ. ಬಲಗಡೆಯ ಗೆರೆಗುಂಟ ಬೇಲಿ 258 ಅಡಿಗೇ ಸಿಗುತ್ತಿತ್ತು, ನೇರ ನಡುವೆ 480 ಅಡಿ ದಾಟಿದರೂ ಸಿಗುತ್ತಿರಲಿಲ್ಲ. ಎಡಗೈ ಬ್ಯಾಟರ್ ಆಟ್ ಮುಂಗಾಲು ಎತ್ತಿ ಬಲಗಡೆಗೆ ಎಳೆದು ಹೊಡೆಯುತ್ತಿದ್ದ. ಅವನ 511 ಹೋಮ್ ರನ್‌ಗಳಲ್ಲಿ 323 ತವರಿನಲ್ಲೇ. ಹಾಗಾದರೆ ಬೇಲಿ ಹತ್ತಿರ ಇದ್ದದ್ದಕ್ಕೇ ದೊಡ್ಡವನಾದನಾ? ಅಷ್ಟು ಸುಲಭ ಅಲ್ಲ. ಅವನ ಬ್ಯಾಟಿಂಗ್ ಸರಾಸರಿ ತವರಿಗಿಂತ ಹೊರಗಿನ ಮೈದಾನಗಳಲ್ಲೇ ಜಾಸ್ತಿ. ಇಂಥದ್ದನ್ನು ಬಿಟ್ಟು ‘ಆಟ್ ಒಬ್ಬ ಮಹಾನ್ ಹೊಡೆತಗಾರ’ ಎಂದರೆ ಏನು ಬಂತು?

1954ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ನಡೆದದ್ದೂ ಅಲ್ಲೇ. ಎಂಟನೇ ಇನ್ನಿಂಗ್ಸ್, ಸ್ಕೋರ್ 2-2, ಕ್ಲೀವ್‌ಲ್ಯಾಂಡ್‌ನ ಇಬ್ಬರು ಬೇಸ್ ಮೇಲೆ. ವಿಕ್ ವರ್ಟ್ಜ್ ಹೊಡೆದ ಚೆಂಡು 400 ಅಡಿಯ ಆಚೆಗೆ ಹೋಯಿತು. ಮೇಸ್ ಬೆನ್ನು ತಿರುಗಿಸಿ ಓಡಿ, ಹೆಗಲ ಮೇಲಿಂದ ಬಂದ ಚೆಂಡನ್ನು ಹಿಡಿದ. ಇದನ್ನು ನೀವು ಬರೆದಿದ್ದೀರಿ, ಎಲ್ಲರೂ ಬರೆಯುತ್ತಾರೆ. ಅದೇ ಪಂದ್ಯ ಮುಗಿದದ್ದು ಹೇಗೆ ಅನ್ನೋದನ್ನು ಬಿಟ್ಟಿದ್ದೀರಿ. ಹತ್ತನೇ ಇನ್ನಿಂಗ್ಸ್‌ನಲ್ಲಿ ಡಸ್ಟಿ ರೋಡ್ಸ್ ಬದಲಿ ಬ್ಯಾಟರ್ ಆಗಿ ಬಂದು ಬಲಗಡೆಯ ಗೆರೆಗುಂಟ ಒಂದು ಪುಟ್ಟ ಹೊಡೆತ ಎತ್ತಿದ. ಹೆಚ್ಚೆಂದರೆ 260 ಅಡಿ ಇದ್ದೀತು. ಹೋಮ್ ರನ್! 5-2ರಲ್ಲಿ ಜೈಂಟ್ಸ್ ಗೆದ್ದಿತು. ವರ್ಟ್ಜ್‌ನದು ಔಟ್, ರೋಡ್ಸ್‌ನದು ಗೆಲುವು. ಆ ಸರಣಿಯಲ್ಲಿ ರೋಡ್ಸ್ ಆರಕ್ಕೆ ನಾಲ್ಕು ಹಿಟ್, 7 ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). ಫೀಲ್ಡಿಂಗ್ ಅಷ್ಟಕ್ಕಷ್ಟೇ. ಆದರೂ 26ನೇ ಜಾಗಕ್ಕೆ ನಾನಾದರೆ ಅವನನ್ನು ಗಂಭೀರವಾಗಿ ಯೋಚಿಸುತ್ತೇನೆ.

ಆ ದಿನ ರೋಡ್ಸ್ ಬಂದದ್ದು ಯಾರ ಬದಲು ಗೊತ್ತಾ? ಮಾಂಟಿ ಅರ್ವಿನ್ ಬದಲು. ಅರ್ವಿನ್ ನಿಮ್ಮ ಪಟ್ಟಿಯಲ್ಲೇ ಇಲ್ಲ. ‘ಅಂಕಿಅಂಶ ಸಾಲದು’ ಎಂದು ಒಂದೇ ಮಾತಿನಲ್ಲಿ ತೆಗೆದುಹಾಕಿದ್ದೀರಿ. ಯಾಕೆ ಸಾಲದು? ಕಪ್ಪು ಆಟಗಾರರ ನೀಗ್ರೋ ಲೀಗ್‌ನ ನ್ಯೂವರ್ಕ್ ಈಗಲ್ಸ್‌ನಲ್ಲಿ ಹೆಸರು ಮಾಡಿದ ಈತನಿಗೆ, ಕಪ್ಪು ವರ್ಣದವನು ಅನ್ನೋ ಕಾರಣಕ್ಕೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಆ ಬಾಗಿಲು ತೆರೆದ ಜಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ. ಅರ್ವಿನ್ ಮತ್ತು ಹ್ಯಾಂಕ್ ಥಾಂಪ್ಸನ್ ಜೈಂಟ್ಸ್ ಅಂಗಿ ತೊಟ್ಟದ್ದು 1949ರಲ್ಲಿ. ಅಷ್ಟರಲ್ಲಿ ಅರ್ವಿನ್‌ಗೆ ವಯಸ್ಸು ಮೂವತ್ತು. ಹಾಗಿದ್ದೂ 1951ರಲ್ಲಿ 121 ಆರ್‌ಬಿಐ ಗಳಿಸಿ ಲೀಗ್‌ಗೇ ಮೊದಲಿಗನಾದ. ಅತ್ತ ಪಿಚರ್ ಮ್ಯಾಥ್ಯೂಸನ್, ಟೆರಿಯರ ಅಂಕಿಯೆಲ್ಲ ಬಾಗಿಲು ಮುಚ್ಚಿದ್ದ ಕಾಲದ್ದು. ಅವರನ್ನು ಕೈಬಿಡಿ ಅನ್ನುತ್ತಿಲ್ಲ. ಅರ್ವಿನ್‌ನನ್ನು ಅದೇ ತಕ್ಕಡಿಯಲ್ಲಿ ತೂಗಬೇಡಿ ಅನ್ನುತ್ತಿದ್ದೇನೆ.

ಬಾಂಡ್ಸ್ ವಿಷಯದಲ್ಲಿ ‘ಕೆಲವು ವಿವಾದಗಳ ಹೊರತಾಗಿಯೂ’ ಎಂದು ಜಾರಿಕೊಂಡಿದ್ದೀರಿ. ಇದು ವೃತ್ತಪತ್ರಿಕೆಯವರ ಹಳೇ ಚಾಳಿ. ಉದ್ದೀಪನ ಮದ್ದಿನ ಆರೋಪದ ನೆರಳಿನಲ್ಲಿ 2022ರಲ್ಲಿ ಹತ್ತನೇ ಹಾಗೂ ಕೊನೆಯ ಸಲವೂ ಬೇಸ್‌ಬಾಲ್ ಬರಹಗಾರರು ಅವನಿಗೆ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಬೇಕಾದಷ್ಟು ಮತ ಕೊಡಲಿಲ್ಲ. ಇನ್ನೊಂದು ಕಡೆ, 2004ರಲ್ಲಿ ಎದುರಾಳಿಗಳು 120 ಸಲ ಬೇಕೆಂದೇ ಅವನಿಗೆ ವಾಕ್ ಕೊಟ್ಟು ಫಸ್ಟ್ ಬೇಸ್‌ಗೆ ಕಳಿಸಿದರು. ಇವನ ಜೊತೆ ಸಹವಾಸವೇ ಬೇಡ ಅಂತ. ಇಟ್ಟುಕೊಳ್ಳಿ ಅಥವಾ ಬಿಡಿ, ಆದರೆ ಎದೆ ಕೊಟ್ಟು ಹೇಳಿ. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ, ಬೈಗುಳವನ್ನೂ ತಿನ್ನುತ್ತಿದ್ದೆ.

ಬುಲ್‌ಪೆನ್‌ನಲ್ಲಿ, ಅಂದರೆ ಪಂದ್ಯದ ನಡುವೆ ಇಳಿಯುವ ಪಿಚರ್‌ಗಳ ಗುಂಪಿನಲ್ಲಿ, ಹಾಯ್ಟ್ ವಿಲ್ಹೆಲ್ಮ್ ಇಲ್ಲದ್ದು ಆಶ್ಚರ್ಯ. 1952ರಲ್ಲಿ ಇಲ್ಲೇ ಶುರು ಮಾಡಿದವನು. ಮೊದಲ ಸಲ ಬ್ಯಾಟ್ ಹಿಡಿದಾಗ ಹೋಮ್ ರನ್, ಆಮೇಲೆ ಜೀವನದಲ್ಲೇ ಇನ್ನೊಂದಿಲ್ಲ! ಅವನ ನಕಲ್‌ಬಾಲ್ ಸುತ್ತದೆ ತೂರಾಡಿಕೊಂಡು ಬರುತ್ತಿತ್ತು. ಹಿಡಿಯಲಾಗದೆ ಮುಂದೆ ಬಾಲ್ಟಿಮೋರ್‌ನವರು ಕ್ಯಾಚರ್‌ಗೆ ದೊಡ್ಡ ಗಾತ್ರದ ಮಿಟ್ (ಕೈಗವಸು) ಮಾಡಿಸಿದರು. ಅವನನ್ನು ತೆಗೆದುಕೊಂಡರೆ ಎರಡನೇ ಕ್ಯಾಚರ್ ಬೇಕೇ ಬೇಕು. ಒಬ್ಬ ಬಂದರೆ ಇನ್ನೊಬ್ಬನನ್ನು ಎಳೆದು ತರುತ್ತಾನೆ, ಮತ್ತೊಬ್ಬನನ್ನು ಹೊರಗೆ ತಳ್ಳುತ್ತಾನೆ. ತಂಡ ಕಟ್ಟೋದು ಅಂದರೆ ಇದೇ ಅಲ್ವಾ?

ಚಿಕ್ಕಪುಟ್ಟದ್ದು: ಮೇಸ್‌ಗೆ ಸಚಿನ್, ಮ್ಯಾಥ್ಯೂಸನ್‌ಗೆ ಕಪಿಲ್, ಪೋಸಿಗೆ ಧೋನಿ ಎಂದು ಜೋಡಿ ಕಟ್ಟಿದ್ದನ್ನೆಲ್ಲ ತೆಗೆಯಿರಿ. ಕ್ರಿಕೆಟ್ ನಮ್ಮ ಓದುಗರಿಗೆ ಗೊತ್ತಿದೆ, ಬೇಕಾಗಿರುವುದು ಬೇಸ್‌ಬಾಲ್. ಆರ್‌ಬಿಐ, ಬುಲ್‌ಪೆನ್‌ನಂಥ ಮಾತುಗಳು ಮೊದಲ ಸಲ ಬಂದಾಗ ಅಲ್ಲೇ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ ಸಾಕು.

ಮುಟ್ಟಬಾರದ್ದು ಒಂದಿದೆ. 2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಪಿಚರ್ ಬಮ್‌ಗಾರ್ನರ್ ಬುಲ್‌ಪೆನ್‌ನಿಂದ ನಡೆದು ಬರುವ ಪ್ಯಾರಾ. ಮೂರು ದಿನದ ಹಿಂದಷ್ಟೇ ಇಡೀ ಪಂದ್ಯ ಒಬ್ಬನೇ ಎಸೆದವನು ಮತ್ತೆ ಐದು ಇನ್ನಿಂಗ್ಸ್, 68 ಎಸೆತ, ಒಂದೂ ರನ್ ಇಲ್ಲ. ಕೊನೆಯಲ್ಲಿ ಥರ್ಡ್ ಬೇಸ್ ಮೇಲೆ ಕಾನ್ಸಾಸ್ ಸಿಟಿಯ ಆಟಗಾರ ನಿಂತಿರುವಾಗ ನೀವು ವಾಕ್ಯಗಳನ್ನು ಚಿಕ್ಕದು ಮಾಡುತ್ತಾ ಹೋಗಿದ್ದೀರಿ. ಅಲ್ಲಿ ವಿಶೇಷಣ ಒಂದೂ ಇಲ್ಲ. ಉಳಿದದ್ದನ್ನೂ ಹಾಗೇ ಬರೆಯಿರಿ.

ಇಪ್ಪತ್ತಾರು ಜನರ ಬಗ್ಗೆಯೂ ಬರೆಯಬೇಕಿಲ್ಲ. ಹೆಸರುಗಳನ್ನು ಕೊನೆಯಲ್ಲಿ ಒಂದು ಚೌಕದಲ್ಲಿ ಹಾಕೋಣ. ಬರಹದಲ್ಲಿ ಫಸ್ಟ್ ಬೇಸ್ ಜಗಳ, ಪೋಲೋ ಗ್ರೌಂಡ್ಸ್, ಅರ್ವಿನ್, ಬಾಂಡ್ಸ್, ಬಮ್‌ಗಾರ್ನರ್ ಇಷ್ಟಿರಲಿ. ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾಗಕ್ಕೆ ಟ್ರಾವಿಸ್ ಜಾಕ್ಸನ್ ಸಾಕು, ಅಲ್ಲಿ ಪದ ಖರ್ಚು ಮಾಡಬೇಡಿ. ಇಂಟರ್‌ನೆಟ್‌ನಿಂದ ಇಳಿಸಿದ ಫೋಟೋಗಳನ್ನು ಕಳಿಸಬೇಡಿ, ಹಕ್ಕಿನ ತಕರಾರು ಬರುತ್ತದೆ. ತಿದ್ದಿದ ಪ್ರತಿ ಬಂದರೆ ಮೊದಲು ಸೆಪೇಡ ಒಳಗಿದ್ದಾನೋ ಹೊರಗಿದ್ದಾನೋ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ