ಹಳೇ ಟ್ರ್ಯಾಕ್ಟರಿನ ಟ್ಯಾಪೆಟ್ ಜಾಮ್ ಆಗಿದೆ, ಕ್ಯಾಮ್ ಶಾಫ್ಟ್ ಬಿಚ್ಚಲೇಬೇಕಾ?

ಐದು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಮೂರು ಸಿಲಿಂಡರಿನ ಡೀಸೆಲ್ ಟ್ರ್ಯಾಕ್ಟರ್, ರಾಕರ್ ಕವರ್ ತೆಗೆದು ನೋಡಿದರೆ ಎರಡು ವಾಲ್ವ್ ತೆರೆದೇ ನಿಂತಿವೆ, ಟ್ಯಾಪೆಟ್ ಬಿಡಿಸಲು ಕ್ಯಾಮ್ ಶಾಫ್ಟ್ ಬಿಚ್ಚಲೇಬೇಕಾ ಅಂತ ಕೇಳಿದ್ದೀರಿ (ಕ್ಯಾಮ್ ಶಾಫ್ಟ್ ಅಂದರೆ ಉಬ್ಬುಗಳಿರುವ ತಿರುಗುವ ದಂಡ; ಆ ಉಬ್ಬು, ಅಂದರೆ ಕ್ಯಾಮ್, ಟ್ಯಾಪೆಟ್ ಅನ್ನುವ ಸಣ್ಣ ತುಂಡನ್ನು ಎತ್ತುತ್ತದೆ, ಅದು ಪುಶ್ ರಾಡನ್ನು, ರಾಡ್ ಮೇಲಿನ ರಾಕರನ್ನು ತಳ್ಳಿ ವಾಲ್ವ್ ತೆರೆಯುತ್ತದೆ). ಬಹುಶಃ ಬೇಡ. ಆದರೆ ದಯವಿಟ್ಟು ಸೆಲ್ಫ್ ಮಾತ್ರ ಹೊಡೆಯಬೇಡಿ. ಎರಡು ಸುತ್ತು ತಿರುಗಿದರೆ ತಾನೇ ಬಿಡುತ್ತದೆ ಅಂತ ನಾನು ಹೊಡೆದಿದ್ದೆ. ಪುಶ್ ರಾಡ್ ಬಿಲ್ಲಿನ ಹಾಗೆ ಬಾಗಿ ಹೊರಗೆ ಬಂತು. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಜಾಗ ಬಹಳ ಕಮ್ಮಿ. ತೆರೆದ ವಾಲ್ವ್‌ಗೆ ಅದು ಗುದ್ದಿದರೆ ಕೆಲಸ ಟ್ಯಾಪೆಟ್ಟಿಗೆ ನಿಲ್ಲುವುದಿಲ್ಲ.

ಇನ್ನೊಂದು ಪ್ರಶ್ನೆ. ಹಿಡಿದುಕೊಂಡಿರುವುದು ನಿಜವಾಗಿ ಟ್ಯಾಪೆಟ್ಟಾ, ಇಲ್ಲ ವಾಲ್ವಾ? ಇದನ್ನು ನೋಡದೆ ನಾನು ಎರಡು ದಿನ ಸುಮ್ನೆ ಟ್ಯಾಪೆಟ್ಟಿಗೆ ಎಣ್ಣೆ ಹಾಕುತ್ತಾ ಕೂತಿದ್ದೆ, ತುಕ್ಕು ಹಿಡಿದಿದ್ದು ವಾಲ್ವ್ ಗೈಡಿನಲ್ಲಿ, ಅಂದರೆ ವಾಲ್ವಿನ ದಂಡ ಜಾರುವ ಕೊಳವೆಯಲ್ಲಿ. ವಾಲ್ವ್ ಕೆಳಗೇ ಸಿಕ್ಕಿಕೊಂಡಿದ್ದರೆ ಕ್ಯಾಮ್ ಇಳಿದಾಗ ರಾಕರ್ ಸಡಿಲವಾಗಿ ಅಲ್ಲಾಡುತ್ತದೆ, ಪುಶ್ ರಾಡ್ ಕೈಯಲ್ಲೇ ಲೊಟಲೊಟ ಅನ್ನುತ್ತದೆ. ಟ್ಯಾಪೆಟ್ ಮೇಲೆ ನಿಂತುಬಿಟ್ಟಿದ್ದರೆ ಹಾಗಲ್ಲ, ರಾಕರ್ ಬಿಗಿಯಾಗಿಯೇ ಇರುತ್ತದೆ. ಅಡ್ಜಸ್ಟ್ ಮಾಡುವ ಸ್ಕ್ರೂ ಸಡಿಲಿಸಿ ನೋಡಿ. ವಾಲ್ವ್ ತಾನಾಗಿ ಮೇಲೆ ಬಂದು ಕೂತರೆ ವಾಲ್ವ್ ಚೆನ್ನಾಗಿದೆ, ಸಿಕ್ಕಿಕೊಂಡಿರುವುದು ಕೆಳಗಿನ ಟ್ಯಾಪೆಟ್.

ಅದು ಖಚಿತವಾದ ಮೇಲೆ ರಾಕರ್ ಶಾಫ್ಟ್ ಇಡಿಯಾಗಿ ಇಳಿಸಿಬಿಡಿ. ಆಗ ವಾಲ್ವ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ, ಪಿಸ್ಟನ್ ಗುದ್ದುವ ಭಯ ಇಲ್ಲ. ಆದರೆ ಕಂಪ್ರೆಷನ್ ಹಿಡಿದು ಇಂಜಿನ್ ತಿರುಗಿಸುವುದು ಕಷ್ಟವಾಗುತ್ತದೆ, ಹಾಗಾಗಿ ಇಂಜೆಕ್ಟರುಗಳನ್ನೂ ತೆಗೆಯಿರಿ. ಈಗ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸುತ್ತಾ ರಾಡುಗಳನ್ನೇ ನೋಡಿ. ಒಳ್ಳೆಯವು ಏರಿ ಇಳಿಯುತ್ತವೆ. ಜಾಮ್ ಆದದ್ದು ಏರಿದಲ್ಲೇ ನಿಂತಿರುತ್ತದೆ. ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ.

ರಾಡ್ ಹೊರಗೆ ತೆಗೆಯುವಾಗ ಒಂದು ಎಚ್ಚರಿಕೆ. ನೇರ ಎಳೆಯಬೇಡಿ, ಮೊದಲು ತಿರುಚಿ. ಎಣ್ಣೆಯ ಅಂಟಿಗೆ ಟ್ಯಾಪೆಟ್ ರಾಡಿನ ಜೊತೆ ಎದ್ದು ಬಂದು, ಕೆಲವು ಇಂಜಿನ್ನುಗಳಲ್ಲಿ ಪಕ್ಕಕ್ಕೆ ಉರುಳಿ ಚೇಂಬರಿಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಬೀಳುತ್ತದೆ. ಬಿದ್ದರೆ ಚೇಂಬರ್ ಇಳಿಸದೆ ಬೇರೆ ದಾರಿ ಇಲ್ಲ. ಯಾವ ರಾಡ್ ಯಾವ ತೂತಿನದು ಅಂತ ರಟ್ಟಿನ ಮೇಲೆ ನಂಬರ್ ಹಾಕಿ ಚುಚ್ಚಿಡಿ. ಗಾಜಿನ ಮೇಲೆ ಒಂದೊಂದನ್ನೂ ಉರುಳಿಸಿದರೆ ಬಾಗಿದ್ದು ಗೊತ್ತಾಗುತ್ತದೆ.

ಬಿಡಿಸುವ ಕೆಲಸಕ್ಕೆ ತಾಳ್ಮೆಯೇ ಮುಖ್ಯ ಸಾಮಾನು. ತುಕ್ಕು ಬಿಡಿಸುವ ಸ್ಪ್ರೇಯನ್ನು ರಾಡಿನ ತೂತಿನಲ್ಲಿ ಟ್ಯಾಪೆಟ್ ಮೇಲೆ ಬೀಳುವ ಹಾಗೆ ಹಾಕಿ. ನಾನು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್ (ATF), ಅಸಿಟೋನ್ ಅರ್ಧರ್ಧ ಬೆರೆಸುತ್ತೇನೆ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕಲಕಿ ಹಾಕಬೇಕು. ಹತ್ತಿರ ಬೆಂಕಿ, ಬೀಡಿ ಬೇಡ. ದಿನಕ್ಕೆರಡು ಸಲದಂತೆ ಮೂರು ದಿನ ಹಾಕಿ. ಆಮೇಲೆ ಕ್ಯಾಮಿನ ತಗ್ಗು ಭಾಗ ಆ ಟ್ಯಾಪೆಟ್ ಕೆಳಗೆ ಬರುವ ಹಾಗೆ ಇಂಜಿನ್ ನಿಲ್ಲಿಸಿ, ಗಟ್ಟಿ ಮರದ ಕೋಲು ಇಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಟಕ್ ಟಕ್ ಅನ್ನುವಷ್ಟೇ. ಒಳ್ಳೆಯ ಪುಶ್ ರಾಡನ್ನೇ ಇಟ್ಟು ತಟ್ಟಿದರೆ ಅದರ ತುದಿ ಕೆಡುತ್ತದೆ. ಕೂದಲೆಳೆಯಷ್ಟು ಇಳಿದರೂ ಸಾಕು. ಇಂಜಿನ್ ತಿರುಗಿಸಿ, ಕ್ಯಾಮ್ ಅದನ್ನು ಮೇಲೆತ್ತಲಿ. ಮತ್ತೆ ತಟ್ಟಿ ಇಳಿಸಿ. ಎಣ್ಣೆ ಹಾಕುತ್ತಾ ಹೀಗೇ ಏರಿಸಿ ಇಳಿಸಿ. ನನ್ನದು ಮೂವತ್ತನೇ ಸಲವೋ ಏನೋ, ಸರಕ್ಕನೆ ತಾನೇ ಜಾರಿತು. ಆ ಖುಷಿ ಬೇರೆಯೇ.

ಪೂರ್ತಿ ಹೊರಗೆ ಬರುತ್ತದಾ ಅನ್ನುವುದು ಟ್ಯಾಪೆಟ್ ಆಕಾರದ ಮೇಲಿದೆ. ನೇರ ಕೊಳವೆಯಂಥದ್ದಾದರೆ, ಮೇಲೆ ಅಥವಾ ಪಕ್ಕದ ಕವರಿನಲ್ಲಿ ದಾರಿ ಇದ್ದರೆ, ಮ್ಯಾಗ್ನೆಟ್‌ನಿಂದ ಎತ್ತಬಹುದು. ಅಣಬೆಯ ಹಾಗೆ ಬುಡ ಅಗಲವಾಗಿದ್ದರೆ ಮೇಲಿಂದ ಬರುವುದೇ ಇಲ್ಲ, ಆಗ ಮಾತ್ರ ಕ್ಯಾಮ್ ಶಾಫ್ಟ್ ಎಳೆಯಬೇಕು. ಜಾರಿ ಆಡುತ್ತಿದ್ದರೆ ಹೊರಗೆ ತೆಗೆಯುವ ಹಟ ನನಗಂತೂ ಇಲ್ಲ. ತೆಗೆದಿದ್ದರೆ ಕ್ಯಾಮ್ ತಾಗುವ ಮುಖ ನೋಡಿ. ಗುಂಡಿ ಬಿದ್ದಿದ್ದರೆ, ನಡುವೆ ತಟ್ಟೆಯ ಹಾಗೆ ತಗ್ಗಾಗಿದ್ದರೆ ಬದಲಿಸಿ. ಚೆನ್ನಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ಹಚ್ಚಿ, ಅದೇ ತೂತಿಗೆ ಹಾಕಿ. ತೂತನ್ನು ಬಟ್ಟೆಯಲ್ಲಿ ಒರೆಸಿ ಸಾಕು, ಸ್ಯಾಂಡ್ ಪೇಪರ್ ಹಾಕಿ ದೊಡ್ಡದು ಮಾಡಬೇಡಿ.

ಹಾಕಿದ ಎಣ್ಣೆಯೆಲ್ಲ ಚೇಂಬರಿಗೆ ಇಳಿದಿರುತ್ತದೆ, ಅಲ್ವಾ? ಸ್ಟಾರ್ಟ್ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಬದಲಿಸಿ. ರಾಕರಿಗೂ ವಾಲ್ವ್ ತುದಿಗೂ ನಡುವಿನ ಗ್ಯಾಪನ್ನು ಮ್ಯಾನುಯಲ್ ನೋಡಿ ಫೀಲರ್ ಗೇಜಿನಲ್ಲಿ (ಅಳತೆಯ ತೆಳು ಪಟ್ಟಿಗಳಲ್ಲಿ) ಸೆಟ್ ಮಾಡಿ. ಇಂಥ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.25ರಿಂದ 0.40 ಮಿ.ಮೀ. ಒಳಗೆ ಇರುತ್ತದೆ, ಆದರೆ ತಣ್ಣಗಿದ್ದಾಗಲಾ ಬಿಸಿಯಿದ್ದಾಗಲಾ ಅನ್ನುವುದನ್ನೂ ಓದಿಕೊಳ್ಳಿ. ಕೊನೆಗೆ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಎಲ್ಲ ರಾಕರ್ ಏರಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆ ಸೆಲ್ಫ್ ಹೊಡೆಯಿರಿ.