ಬೆಳ್ಳಿತೆರೆ ಪ್ರಶ್ನೋತ್ತರ: ನಾಯಕಿ ಬಾರದ ಮೂಲೆ

ಪ್ರಶ್ನೆ: ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿಯ ‘ಲೆಕ್ಲಿಸೆ’ (1962) ಹಾಕಿದ್ದರು. ಕೊನೆಯ ಏಳು ನಿಮಿಷ ನಾಯಕ-ನಾಯಕಿಯ ಸುಳಿವೇ ಇಲ್ಲ. ಬರೀ ರಸ್ತೆ, ನೀರಿನ ಪೀಪಾಯಿ, ಬಸ್ಸು. ನೋಡುವುದೇನಿದೆ ಅದರಲ್ಲಿ? – ಓದುಗರು, ಮೈಸೂರು

ಉತ್ತರ: ಆ ಪೀಪಾಯಿಯನ್ನೇ ನೋಡಬೇಕು. ರೋಮ್‌ನ ಎಯುರ್ ಬಡಾವಣೆಯಲ್ಲಿ, ಕೆಲಸ ಮುಗಿಯದ ಕಟ್ಟಡವೊಂದರ ಪಕ್ಕ, ನಾಯಕಿ ವಿತ್ತೋರಿಯಾ ಮತ್ತು ಷೇರು ದಲ್ಲಾಳಿಯಾದ ನಾಯಕ ಪಿಯೆರೊ ಸಿಗುವ ಮೂಲೆ ಅದು. ಹಿಂದೊಮ್ಮೆ ಅವಳು ಆ ನೀರಿಗೆ ಮರದ ಚೂರೊಂದನ್ನು ಹಾಕಿರುತ್ತಾಳೆ. ಸಂಜೆ ಎಂಟಕ್ಕೆ ಅಲ್ಲೇ ಸಿಗೋಣ ಎಂದು ಮಾತಾಗುತ್ತದೆ. ಜಗಳವಿಲ್ಲ, ವಿದಾಯವಿಲ್ಲ, ಆದರೂ ಇಬ್ಬರೂ ಬರುವುದಿಲ್ಲ. ಕ್ಯಾಮೆರಾ ಮಾತ್ರ ಹೇಳಿದ ಹೊತ್ತಿಗೆ ಹಾಜರು! ಪೀಪಾಯಿ ಸೋರಿ ನೀರು ಹರಿದುಹೋಗುತ್ತದೆ. ಹಿಂದಿನಿಂದ ವಿತ್ತೋರಿಯಾಳಂತೆ ಕಂಡ ಹೆಂಗಸು ತಿರುಗಿದರೆ ಬೇರೆ ಯಾರೋ. ಬಸ್ಸಿಳಿದವನ ಕೈಯ ಪತ್ರಿಕೆಯಲ್ಲಿ ಅಣ್ವಸ್ತ್ರ ಪೈಪೋಟಿಯ ಸುದ್ದಿ. ಈ ಜಾಗಗಳನ್ನು ಮೊದಲು ಅವರಿಬ್ಬರ ಜೊತೆ ನೋಡಿದ್ದೇವೆ, ಅದಕ್ಕೇ ಖಾಲಿತನ ತಟ್ಟುತ್ತದೆ. ಆ ಏಳು ನಿಮಿಷವನ್ನಷ್ಟೇ ಕತ್ತರಿಸಿ ಯಾರಿಗಾದರೂ ತೋರಿಸಿ, ನಗರದ ಸಾಕ್ಷ್ಯಚಿತ್ರ ಅಂದಾರು.

ಅಂದಹಾಗೆ, ಈ ಚಿತ್ರ ಪೂರ್ತಿ ನಿಧಾನವೂ ಅಲ್ಲ. ಷೇರುಪೇಟೆಯ ದೃಶ್ಯ ನೆನಪಿಸಿಕೊಳ್ಳಿ. ಕಿವಿಗಡಚಿಕ್ಕುವ ಕೂಗಾಟದ ನಡುವೆ, ತೀರಿಕೊಂಡ ಸಹೋದ್ಯೋಗಿಯೊಬ್ಬನಿಗೆ ಒಂದು ನಿಮಿಷದ ಮೌನ. ಎಲ್ಲರೂ ಸ್ತಬ್ಧ, ಟೆಲಿಫೋನುಗಳು ಮಾತ್ರ ಹೊಡೆದುಕೊಳ್ಳುತ್ತಿವೆ. ದಪ್ಪ ಕಂಬದ ಒಂದು ಬದಿಗೆ ವಿತ್ತೋರಿಯಾ, ಇನ್ನೊಂದು ಬದಿಗೆ ಪಿಯೆರೊ. ಅವನು ಬಾಗಿ ಪಿಸುಗುಟ್ಟುವುದು ಇಲ್ಲಿ ಒಂದು ನಿಮಿಷದ ಬೆಲೆ ಎಷ್ಟು ಎಂಬುದನ್ನು. ಮುಂದೆ ಎಂಟು ಗಂಟೆಗೆ ಅವನು ಏಕೆ ಬರಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕೆನಿಸುವುದಿಲ್ಲ.

ಪ್ರಶ್ನೆ: ಒಂಟಿತನದ ಬಗ್ಗೆ 15 ನಿಮಿಷದ ಕಿರುಚಿತ್ರ ಮಾಡಿದ್ದೇನೆ. ಶಾಟ್‌ಗಳನ್ನು ಬೇಕೆಂದೇ ಉದ್ದ ಇಟ್ಟೆ. ನೋಡಿದವರೆಲ್ಲ ‘ಬೋರು’ ಅಂದರು. – ಓದುಗರು, ಧಾರವಾಡ

ಉತ್ತರ: ಉದ್ದದಿಂದ ಖಾಲಿತನ ಹುಟ್ಟುವುದಿಲ್ಲ, ದಿನಚರಿಯ ಕ್ರಮ ತಪ್ಪಿದಾಗ ಹುಟ್ಟುತ್ತದೆ. ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ ‘ಜಾನ್ ದೀಲ್‌ಮನ್’ (1975) 201 ನಿಮಿಷದ ಚಿತ್ರ, ಬ್ರಸೆಲ್ಸ್‌ನ ವಿಧವೆಯೊಬ್ಬಳ ಮೂರು ದಿನ. ಕ್ಯಾಮೆರಾ ಅಲುಗುವುದಿಲ್ಲ. ಮೊದಲ ದಿನ ಎಲ್ಲವೂ ಅಚ್ಚುಕಟ್ಟು: ಕೋಣೆ ಬಿಡುವಾಗ ದೀಪ ಆರಿಸುತ್ತಾಳೆ, ದುಡ್ಡನ್ನು ಸೂಪ್ ಪಾತ್ರೆಯೊಳಗಿಟ್ಟು ಮುಚ್ಚುತ್ತಾಳೆ. ಎರಡನೆಯ ದಿನ ಆಲೂಗಡ್ಡೆ ಬೆಂದು ಕರಗಿಹೋಗುತ್ತದೆ. ಆಲೂಗಡ್ಡೆಯ ಪಾತ್ರೆಯನ್ನು ಎಲ್ಲಿಡಬೇಕೆಂದು ತೋಚದೆ ಅದನ್ನು ಹಿಡಿದುಕೊಂಡೇ ಮನೆಯೊಳಗೆ ಓಡಾಡುತ್ತಾಳೆ. ಅಷ್ಟು ಸಣ್ಣದಕ್ಕೆ ನಮಗೆ ಎದೆ ಝಲ್ಲೆನ್ನುವುದು ಮೊದಲ ದಿನವನ್ನು ಪೂರ್ತಿ ನೋಡಿದ್ದರಿಂದ.

ನಿಮ್ಮ 15 ನಿಮಿಷಕ್ಕೆ ಒಂದೇ ಒಂದು ಮನೆಕೆಲಸ ಸಾಕು. ಒಮ್ಮೆ ಆರಂಭದಿಂದ ಕೊನೆವರೆಗೆ, ಎರಡು ನಿಮಿಷವಾದರೂ, ತೋರಿಸಿ. ಮತ್ತೆ ತೋರಿಸುವಾಗ ಟ್ರೈಪಾಡ್ ಅದೇ ಜಾಗದಲ್ಲಿ, ಲೆನ್ಸ್ ಅದೇ ಇರಲಿ, ಒಂದು ಸಂಗತಿ ಮಾತ್ರ ತಪ್ಪಲಿ. ಕೋನ ಬದಲಾದರೆ ತಪ್ಪಿದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ಪಾತ್ರ ಹೊರನಡೆದ ಮೇಲೆ ನಾಲ್ಕೈದು ಸೆಕೆಂಡ್ ನಿಲ್ಲಿ. ಅದಕ್ಕೂ ಹೆಚ್ಚು ನಿಲ್ಲುವುದಾದರೆ ಪರದೆಯೋ ಹಬೆಯೋ ಚೌಕಟ್ಟಿನೊಳಗೆ ಚಲಿಸುತ್ತಿರಬೇಕು. ಮೌನ ಬೇಕೆಂದು ಸೌಂಡ್ ಟ್ರ್ಯಾಕ್ ಪೂರ್ತಿ ಬರಿದು ಮಾಡಿದರೆ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪ್ರತಿ ಕೋಣೆಯಲ್ಲೂ ಯಾರೂ ಮಾತಾಡದೆ ಒಂದು ನಿಮಿಷದ ಸದ್ದು ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನು ಕೆಳಗೆ ಹಾಸಿ. ‘ಲೆಕ್ಲಿಸೆ’ಯ ಮೊದಲ ದೃಶ್ಯದ ಟೇಬಲ್ ಫ್ಯಾನ್ ಕೇಳಿಸಿಕೊಳ್ಳಿ, ಮುರಿದ ಸಂಬಂಧಕ್ಕೆ ಪಿಟೀಲು ಬೇಕಾಗಿಲ್ಲ. ಕಿಟಕಿಯಾಚೆ ದಿಟ್ಟಿಸುವ ಶಾಟ್ ಒಂದಕ್ಕಿಂತ ಹೆಚ್ಚಿದ್ದರೆ ದಯವಿಟ್ಟು ಕತ್ತರಿಸಿ.

ಪ್ರಶ್ನೆ: ಮನೆಯ ಟಿವಿಯಲ್ಲಿ ಇಂಥ ನಿಧಾನಗತಿಯ ಚಿತ್ರ ನೋಡಲು ಎಲ್ಲಿಂದ ಶುರು ಮಾಡಲಿ? – ಓದುಗರು, ಶಿವಮೊಗ್ಗ

ಉತ್ತರ: ಹಂಗೇರಿಯ ನಿರ್ದೇಶಕ ಬೆಲಾ ತಾರ್‌ನ ಏಳು ಗಂಟೆ ಮೀರುವ ‘ಸಾತಾನ್‌ಟ್ಯಾಂಗೊ’ದಿಂದಂತೂ ಬೇಡ. ಆಂಟೋನಿಯೋನಿಯ ಮೊದಲ ವರ್ಣಚಿತ್ರ ‘ರೆಡ್ ಡೆಸರ್ಟ್’ (1964) ಹಿಡಿಯಿರಿ. ರಾವೆನ್ನಾದ ಕಾರ್ಖಾನೆಗಳ ನಡುವೆ ಕಂಗಾಲಾದ ಹೆಂಗಸಿನ ಕಥೆ. ಅವಳ ಕಣ್ಣಿಗೆ ಲೋಕ ಹೇಗಿದೆಯೆಂದು ತೋರಿಸಲು ಹಣ್ಣಿನ ಗಾಡಿಗೂ ಬೂದು ಬಣ್ಣ ಬಳಿಸಿದ್ದಾನೆ. ಟಿವಿಯ ‘ವಿವಿಡ್’ ಮೋಡ್ ಮೊದಲು ತೆಗೆಯಿರಿ, ಇಲ್ಲದಿದ್ದರೆ ಆ ಬೂದು ಬಣ್ಣ ಉಳಿಯುವುದಿಲ್ಲ. ‘ಝೂಮ್’ ಇದ್ದರೆ ಚೌಕಟ್ಟಿನ ಅಂಚು ಹಾರಿಹೋಗುತ್ತದೆ, ‘ಮೋಷನ್ ಸ್ಮೂದಿಂಗ್’ ಇದ್ದರೆ ಎಲ್ಲವೂ ಧಾರಾವಾಹಿಯಂತೆ ಕಾಣುತ್ತದೆ. ಅವೆರಡನ್ನೂ ಆಫ್ ಮಾಡಿ.